ಹತ್ತು ಸುತ್ತು ಕಡಿಮೆ

ಮೇಸ್ತ್ರಿ ಕೆಟ್ಟ ಮನುಷ್ಯನೇನಲ್ಲ. ಸುಟ್ಟ ಮೋಟಾರಿನ ಹಳೇ ತಂತಿ ಕಿತ್ತು ಹೊಸದನ್ನು ಸುತ್ತುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಆದರೆ ಯಾವ ಮೋಟಾರಿಗೆ ಎಷ್ಟು ಸುತ್ತು ಎಂದು ಕೇಳಿದವರಿಗೆ ಸುಳ್ಳು ಲೆಕ್ಕ ಹೇಳುವುದು ಅವನ ಗುರುವಿನ ಕಾಲದಿಂದ ಬಂದ ಪದ್ಧತಿ. ಗುರು ಅವನಿಗೂ ಹಾಗೇ ಹೇಳಿದ್ದ. ನಾಲ್ಕು ಮೋಟಾರ್ ಸುಟ್ಟು, ಬೈಗುಳ ತಿಂದ ಮೇಲೆ ನಿಜ ತಿಳಿದದ್ದು. ವಿದ್ಯೆ ಬರುವುದೇ ಹಾಗೆ ಎಂದು ಅವನು ನಂಬಿಬಿಟ್ಟಿದ್ದ.

ಒಂದು ದಿನ ಹೈಸ್ಕೂಲಿನ ಟೀಚರಮ್ಮ ಬಂದರು. ಹತ್ತನೇ ಕ್ಲಾಸಿನ ಮಕ್ಕಳು ವಾರಕ್ಕೆ ಮೂರು ಮಧ್ಯಾಹ್ನ ಅಂಗಡಿಗಳಲ್ಲಿ ಕೆಲಸ ಕಲಿಯುತ್ತಾರೆ, ಒಬ್ಬಳನ್ನು ಇಟ್ಟುಕೊಳ್ಳಿ ಎಂದರು. ಶಾಲೆ ಮುಗಿಯಲು ಎರಡು ತಿಂಗಳಿರುವಾಗ ಕಲಿತದ್ದನ್ನು ಎಲ್ಲರೆದುರು ಮಾಡಿ ತೋರಿಸಬೇಕು. ಗೆದ್ದವರನ್ನು ಪಂಪ್ ಕಾರ್ಖಾನೆಯವರು ತಮ್ಮ ಖರ್ಚಿನಲ್ಲೇ ಡಿಪ್ಲೊಮಾ ಓದಿಸುತ್ತಾರಂತೆ. ಪುಕ್ಕಟೆ ಕೈ ಸಿಕ್ಕರೆ ಯಾರು ಬೇಡ ಅಂತಾರೆ? ಮೇಸ್ತ್ರಿ ಹೂಂ ಅಂದ.

ಬಂದವಳು ಟೈಲರಮ್ಮನ ಮಗಳು. ಕಡ್ಡಿಯಂಥ ಹುಡುಗಿ, ಪ್ರಶ್ನೆಗಳು ಮಾತ್ರ ಮೂಟೆಗಟ್ಟಲೆ. ಒಬ್ಬರ ಮೋಟಾರ್ ಇನ್ನೊಬ್ಬರ ಮನೆ ಸೇರಿ ಆಗುತ್ತಿದ್ದ ಜಗಳಗಳು ಅವಳು ಒಂದೊಂದಕ್ಕೂ ಹೆಸರಿನ ಚೀಟಿ ಕಟ್ಟಿದ ಮೇಲೆ ನಿಂತವು. ದಿನಕ್ಕೆ ಎರಡು ಮೋಟಾರ್ ಮುಗಿಸುತ್ತಿದ್ದವನು ನಾಲ್ಕು ಮುಗಿಸತೊಡಗಿದ. ಅವಳ ಕೈ ಕುದುರಿದ್ದನ್ನು ಕಂಡು ಒಳಗೊಳಗೇ ಹಿಗ್ಗಿದ. ಆದರೂ ಸುತ್ತು ಎಣಿಸುವಾಗ ಬೆನ್ನು ತಿರುಗಿಸಿ ಕೂರುತ್ತಿದ್ದ.

ಎಲ್ಲರೆದುರು ಮಾಡಿ ತೋರಿಸಲು ಅವಳು ಶಾಲೆಯ ಕೆಟ್ಟ ಪಂಪನ್ನೇ ಆರಿಸಿಕೊಂಡಳು. ಅದರ ಹಳೇ ತಂತಿ ಯಾವತ್ತೋ ಗುಜರಿ ಸೇರಿತ್ತು, ಎಣಿಸಿ ನೋಡೋಣವೆಂದರೆ ಏನೂ ಉಳಿದಿರಲಿಲ್ಲ. ಮೇಸ್ತ್ರಿಯನ್ನೇ ಕೇಳಿದಳು. ಬೇಕಂತಲೇ ಮೋಸ ಮಾಡಿದನೇ? ಖಂಡಿತ ಇಲ್ಲ. ನಲವತ್ತು ವರ್ಷದ ಚಾಳಿ, ನಾಲಿಗೆ ತಾನಾಗಿ ಹೊರಳಿತು. ಐವತ್ತೆರಡು ಅನ್ನಬೇಕಾದಲ್ಲಿ ನಲವತ್ತೆರಡು ಅಂದ. ಆಮೇಲೆ ಸರಿಮಾಡಿದರಾಯಿತು ಅಂದುಕೊಂಡು ನಾಳೆ ನಾಳೆ ಎಂದು ಹದಿನೈದು ದಿನ ತಳ್ಳಿದ.

ಆ ದಿನ ಶಾಲೆಯ ಅಂಗಳದಲ್ಲಿ ಕಾರ್ಖಾನೆಯ ಇಂಜಿನಿಯರು, ಟೀಚರಮ್ಮ, ಕೈಗೆಲಸ ಬಿಟ್ಟು ಓಡಿಬಂದ ಟೈಲರಮ್ಮ, ಎಲ್ಲರೂ ಇದ್ದರು. ಹುಡುಗಿ ಸ್ವಿಚ್ ಹಾಕಿದಳು. ನೀರು ಬಂತು, ಚಪ್ಪಾಳೆ ಬಿತ್ತು. ಹತ್ತು ನಿಮಿಷಕ್ಕೆ ಹೊಗೆಯೂ ಬಂತು. ಎಷ್ಟು ಸುತ್ತು ಹಾಕಿದೆ ಎಂದು ಇಂಜಿನಿಯರು ಕೇಳಿದರು. ಹೇಳಿದಳು. ಈ ಲೆಕ್ಕ ಯಾರು ಕೊಟ್ಟರು ಎಂದರು. ಅವಳು ಒಂದು ಗಳಿಗೆ ಮೇಸ್ತ್ರಿಯ ಮುಖ ನೋಡಿದಳು.

"ನಾನೇ ತಪ್ಪು ಬರ್ಕೊಂಡೆ ಸರ್," ಅಂದಳು.

ಮೇಸ್ತ್ರಿಯ ಬಾಯಿಗೆ ಬೀಗ ಬಿದ್ದಿತ್ತು. ಇಷ್ಟು ಜನರ ಮುಂದೆ ಮರ್ಯಾದೆ ಹೋದೀತೆಂಬ ಒಂದೇ ಚಿಂತೆ. ಥೂ, ಎಂಥ ಮರ್ಯಾದೆಯೋ!

ಅವಳು ಆಮೇಲೂ ಎರಡು ತಿಂಗಳು ಅಂಗಡಿಗೆ ಬಂದಳು. ಕೆಲಸವೆಲ್ಲ ಮಾಡಿದಳು, ಪ್ರಶ್ನೆ ಮಾತ್ರ ಒಂದೂ ಕೇಳಲಿಲ್ಲ. ಶಾಲೆ ಮುಗಿಯಿತು, ಡಿಪ್ಲೊಮಾದ ಜಾಗ ಇನ್ಯಾರಿಗೋ ಹೋಯಿತು. ಅವಳು ಬಟ್ಟೆ ಅಂಗಡಿಗೆ ಸೇರಿದಳೆಂದು ಸುದ್ದಿ ಬಂತು. ಮೇಸ್ತ್ರಿಗೆ ಅನ್ನ ಸೇರದಾಯಿತು. ಮಿಂಚಿಹೋದ ಕೆಲಸಕ್ಕೆ ಚಿಂತಿಸಿ ಫಲವಿಲ್ಲ ಎಂದು ಹೆಂಡತಿ ಎಷ್ಟು ಹೇಳಿದರೂ ಸಮಾಧಾನವಿಲ್ಲ. ಎರಡು ವರ್ಷ ಹೀಗೇ ಬೆಂದು, ಕೊನೆಗೆ ಆ ಬಟ್ಟೆ ಅಂಗಡಿಗೇ ಹೋದ.

"ಆ ಲೆಕ್ಕ ತಪ್ಪು ಹೇಳಿದ್ದು ನಾನು ಕಣಮ್ಮ," ಅಂದ.

ಅವಳು ಬಟ್ಟೆ ಮಡಿಸುತ್ತಲೇ ಇದ್ದಳು. "ಗೊತ್ತು ಮೇಸ್ತ್ರಿ. ಮಾರನೇ ದಿನ ನಿಮ್ಮಂಗ್ಡಿ ಕಸದಲ್ಲಿ ಅಂಥದ್ದೇ ಪಂಪಿನ ಹಳೇ ತಂತಿ ಸಿಕ್ತು. ಎಣಿಸ್ದೆ."

ಗೊತ್ತಿದ್ದೂ ಮತ್ತೆ ಯಾಕೆ ಬರುತ್ತಿದ್ದೆ ಎಂದು ಅವನು ಕೇಳಿದ.

"ಕಾರ್ಖಾನೆಯವ್ರು ಹೆಸರು ಗೊತ್ತುಮಾಡೋಕೆ ಇನ್ನೂ ಎರಡು ತಿಂಗಳಿತ್ತಲ್ಲ. ಅಷ್ಟರಲ್ಲಿ ನೀವು ಹೋಗಿ ಹೇಳ್ತೀರೇನೋ ಅಂತ ಕಾಯ್ತಿದ್ದೆ."

ಅಷ್ಟರಲ್ಲಿ ಯಾರೋ ಗಿರಾಕಿ ಕರೆದರು. ಅವಳು ಬಟ್ಟೆ ಅಳೆದುಕೊಡಲು ಹೋದಳು.