ನಾನು ಕೊಟ್ಟುಬಿಟ್ಟ ಸೀರೆ

ಮದುವೆಯ ಹಿಂದಿನ ದಿನ ಸಂಜೆ ಅಂಗಳದಲ್ಲಿ ಕಾಕ್‌ಟೇಲ್ ಪಾರ್ಟಿ ಇಡೋಣ ಎಂದು ನನ್ನ ಮಗಳು ಹೇಳಿದ್ದೇ ತಡ, ಗೋಡೆಗೊರಗಿ ಎಲೆಯಡಿಕೆ ಜಗಿಯುತ್ತಿದ್ದ ನನ್ನ ಗಂಡನ ಕಾಕಾ ನೆಟ್ಟಗೆ ಎದ್ದು ಕೂತರು.

"ಅಜ್ಜಾ, ನೀವು ಅಂದ್ಕೊಂಡಂಥಾದ್ದು ಅಲ್ರಿ," ಎಂದು ಅವಳು ನಕ್ಕಳು. "ಕಬ್ಬಿನ ಹಾಲು, ನಿಂಬಿಹಣ್ಣು, ಹಸಿ ಶುಂಠಿ, ನಮ್ಮ ತೋಟದ ಒಣದ್ರಾಕ್ಷಿ. ಹೆಸರಷ್ಟ ಕಾಕ್‌ಟೇಲ್."

"ಹಂಗಾದ್ರ ಪಾನಕ ಅನ್ನು ಬೇ. ಸುಮ್ನ ಮುದುಕನ ಆಸೆ ಯಾಕ ಕೆಣಕ್ತಿ?" ಎಂದು ಕಾಕಾ ಮತ್ತೆ ಗೋಡೆಗೆ ಒರಗಿದರು.

ತುಳಸಿ ಲಗ್ನ ಮುಗಿದಿತ್ತು. ನಮ್ಮ ಕಾಗವಾಡದ ಕಡೆ ಅಲ್ಲಿಂದಾಚೆ ಮದುವೆಯ ಸುಗ್ಗಿ, ಕಬ್ಬಿನ ಸುಗ್ಗಿ ಎರಡೂ ಒಟ್ಟಿಗೇ ಬರುತ್ತವೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಮದುವೆ ದಿಬ್ಬಣ ಸಿಕ್ಕಿಕೊಂಡು ಮುಹೂರ್ತ ತಪ್ಪುವುದು ನಮ್ಮಲ್ಲಿ ಹೊಸದಲ್ಲ. ಮಗಳು ಅಥಣಿಯಲ್ಲಿ ಶಾಲೆ ಟೀಚರು. ಶನಿವಾರ ಮುಂಜಾನೆ ಶಾಲೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುತ್ತಾಳೆ. ಆ ಚಳಿಗಾಲದ ಭಾನುವಾರಗಳನ್ನು ನಾವು ಮೂವರು, ಅಂದರೆ ನಾನು, ಅವಳು ಮತ್ತು ನನ್ನ ಅತ್ತೆ, ಪಡಸಾಲೆಯಲ್ಲಿ ಒಂದೇ ಕೌದಿಯೊಳಗೆ ಕಾಲು ತೂರಿಸಿಕೊಂಡು ಕಳೆದೆವು. ನಡುವೆ ಒಗ್ಗರಣೆ ಹಾಕಿದ ಚುರಮುರಿಯ ಬುಟ್ಟಿ, ಮೇಲೆ ಕರಿದ ಹಸಿಮೆಣಸಿನಕಾಯಿ. ಮದುವೆಯ ಯೋಜನೆಗಳೆಲ್ಲ ಅಲ್ಲೇ ಹುಟ್ಟಿದವು, ಅಲ್ಲೇ ಜಗಳವೂ ಆಯಿತು.

ಆ ಕೌದಿಯನ್ನು ಹೊಲಿದವರು ಅತ್ತೆಯೇ. ಬಾಣಂತಿತನ ಮುಗಿಸಿಕೊಂಡು ಚಿಕ್ಕೋಡಿಯ ತವರಿನಿಂದ ಈ ಮಗಳನ್ನು ಎತ್ತಿಕೊಂಡು ನಾನು ಬಂದ ದಿನ, ಹೊಸ ಕೌದಿ ಹಾಸಿ ಇಟ್ಟಿದ್ದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಅಂಚಿಗೆ ಸಾಲುಹೊಲಿಗೆ ಹಾಕಿ, ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಚೂರು ಹೋಳಿಗೆ ಇಡುವುದು ನಮ್ಮ ಮನೆಯ ಪದ್ಧತಿ. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಬಿಡಬಾರದು, ಹಸಿದ ಕೌದಿ ಯಾರ ಮೈಯನ್ನೂ ಬೆಚ್ಚಗೆ ಮಾಡುವುದಿಲ್ಲ ಎನ್ನುತ್ತಾರೆ ಅತ್ತೆ.

"ಪಾರ್ಟಿಗಿ ನಾ ಹೊಸಾ ಸೀರಿ ಉಡಂಗಿಲ್ಲ," ಎಂದಳು ಮಗಳು, ಗೋಡೆಯ ಮೇಲಿನ ಕಪ್ಪು ಬಿಳುಪು ಫೋಟೋ ತೋರಿಸುತ್ತ. "ಆಯಿದು ಆ ಮದವಿ ಸೀರಿ ಉಡತೀನಿ. ಈಗ ಎಲ್ಲಾರೂ ಅಜ್ಜಿ ಸೀರಿನ ಉಡಾಕತ್ತಾರ. ಎಲ್ಲಿ ಐತೆವ್ವಾ ಅದು?"

ಫೋಟೋದಲ್ಲಿ ಅವಳ ಆಯಿಗೆ, ಅಂದರೆ ನನ್ನ ಅತ್ತೆಗೆ, ಹದಿನಾರೋ ಹದಿನೇಳೋ ಇರಬೇಕು. ಮೈಮೇಲೆ ಇಳಕಲ್ ಸೀರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಡುಗೆಮನೆಯ ಮಾಡದತ್ತ ನೋಡಿದೆ. ಅಲ್ಲಿ ಮುಚ್ಚಳವಿರುವ ಒಂದು ದೊಡ್ಡ ಸ್ಟೀಲ್ ಡಬ್ಬಿ ಇಪ್ಪತ್ತಾರು ವರ್ಷದಿಂದ ಕೂತಿದೆ.

"ಹುಡುಕೂಣಂತ ತಗೊ," ಎಂದಷ್ಟೇ ಹೇಳಿ ಅತ್ತೆ ಚುರಮುರಿ ಬಾಯಿಗೆ ಹಾಕಿಕೊಂಡರು.

ನಾನು ಈ ಮನೆಗೆ ಬಂದ ಮೊದಲ ವರ್ಷ ಅತ್ತೆ ಆ ಸೀರೆಯನ್ನು ನನ್ನ ಕೈಗೆ ಕೊಟ್ಟು, "ಮೊಮ್ಮಗಳು ಹುಟ್ಟಿದ್ರ ಆಕಿಗಿ. ಜ್ವಾಕಿ," ಎಂದಿದ್ದರು. ನಾನು ನನ್ನ ಟ್ರಂಕಿನಲ್ಲಿ ಇಟ್ಟುಕೊಂಡೆ. ನಾಲ್ಕು ತಿಂಗಳಿಗೆ ನಾನು ಬಸುರಿ. ಒಂದು ದಿನ ನಾನು ಬಡಿದ ರೊಟ್ಟಿಯನ್ನು ಬೀಗರ ಮುಂದೆ ಎತ್ತಿ ಹಿಡಿದು ಅತ್ತೆ, "ಇದೇನ್ ಬೇ, ರೊಟ್ಟಿ ಬಡದೀಯೋ ಕೌದಿ ಹೊಲದೀಯೋ?" ಎಂದುಬಿಟ್ಟರು. ಎಲ್ಲರೂ ನಕ್ಕರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಇವತ್ತಿಗೂ ಅಲ್ಲಿಂದ ಇಳಿದಿಲ್ಲ. ಮರುದಿನ ಅತ್ತೆ ಹೊಲದಲ್ಲಿದ್ದಾಗ ಓಣಿಯಲ್ಲಿ ಹಳೆ ಬಟ್ಟೆಗೆ ಪಾತ್ರೆ ಬಾಂಡೆ ಕೊಡುವವಳು ಕೂಗುತ್ತ ಬಂದಳು. ಅವಳ ಬುಟ್ಟಿಯಲ್ಲಿ ಆ ಡಬ್ಬಿ ಥಳಥಳ ಹೊಳೆಯುತ್ತಿತ್ತು. ಗಂಡನ ಎರಡು ಪ್ಯಾಂಟು, ನನ್ನ ಹಳೆಯ ಮೂರು ಸೀರೆ ಇಟ್ಟರೂ ಅವಳು ಒಪ್ಪಲಿಲ್ಲ. ಟ್ರಂಕು ತೆರೆದು ಅತ್ತೆಯ ಸೀರೆಯನ್ನು ಅದರ ಮೇಲಿಟ್ಟೆ. ಗೊತ್ತಿಲ್ಲದೆ ಕೊಟ್ಟೆ ಎಂದು ಬರೆದುಕೊಂಡರೆ ಸುಳ್ಳಾಗುತ್ತದೆ. ಗೊತ್ತಿದ್ದೇ ಕೊಟ್ಟೆ.

ಮಧ್ಯಾಹ್ನದೊಳಗೆ ಸಿಟ್ಟು ಇಳಿಯಿತು. ಬಸ್‌ಸ್ಟ್ಯಾಂಡಿನ ತನಕ ಓಡಿದೆ. ಅವಳು ಸಿಗಲಿಲ್ಲ. ಅತ್ತೆ ಡಬ್ಬಿ ನೋಡಿ, "ಚಲೋ ಐತಿ, ಗಟ್ಟಿ ಐತಿ," ಎಂದರೇ ಹೊರತು ಯಾವ ಬಟ್ಟೆಗೆ ಬಂತು ಎಂದು ಕೇಳಲಿಲ್ಲ. ಆ ಸೀರೆಯ ಸುದ್ದಿಯನ್ನು ಅವರು ಆಮೇಲೆ ಒಮ್ಮೆಯೂ ಎತ್ತಲಿಲ್ಲ. ಮರೆತಿದ್ದಾರೆ ಎಂದು ನಾನು ನನಗೇ ಹೇಳಿಕೊಂಡೆ. ಅದೇ ವಾರ ಬಚ್ಚಲ ಮೂಲೆಯಲ್ಲಿದ್ದ ಅವರ ತಾಮ್ರದ ಕೊಡ ಕಾಣೆಯಾಗಿತ್ತು. ಕೇಳಿದ್ದಕ್ಕೆ, "ತೂತ ಬಿದ್ದಿತ್ತು, ಕೊಟ್ಟಬಿಟ್ಟೆ," ಎಂದಿದ್ದರು. ನನ್ನ ಕಳ್ಳತನದ ಗಾಬರಿಯಲ್ಲಿ ನಾನು ಅದನ್ನು ಅಷ್ಟಕ್ಕೇ ಬಿಟ್ಟೆ.

ಈಗ ಮದುವೆಗೆ ಮೂರು ವಾರ. ಮಗಳ ಮನಸ್ಸು ತಿರುಗಿಸಲು ನಾನು ಮಾಡದ ಆಟವಿಲ್ಲ. ನಿಪ್ಪಾಣಿಯ ಅಂಗಡಿಗಳನ್ನೆಲ್ಲ ಸುತ್ತಿಸಿದೆ. ಗಾದಿಯ ಮೇಲೆ ಅಂಗಡಿಯವನು ಸೀರೆ ಹರಡುತ್ತಲೇ ಹೋದ. ಇವಳು ಚಹಾ ಕುಡಿದು, "ಚಲೋ ಅದಾವ್ರಿ, ಆದ್ರ ನಮ್ಮ ಆಯಿದು ಬ್ಯಾರೆ ಐತಿ," ಎಂದು ಎದ್ದುಬಂದಳು. ಸೀರೆಗೆ ಹುಳ ಬಿದ್ದಿರಬಹುದು ಎಂದೆ. ಬಿದ್ದರೂ ಉಡುತ್ತೇನೆ ಎಂದಳು. ರಾಯಬಾಗದ ಬೀಗರು ಏನೆಂದಾರು ಎಂದೆ. ಅವರ ಮಗನನ್ನೇ ಕೇಳಿದ್ದೇನೆ, ಖುಷಿಪಟ್ಟ ಎಂದಳು. ನನಗೆ ಸೀರೆಯ ಚಿಂತೆಗಿಂತ ಹೆಚ್ಚಾಗಿದ್ದ ಭಯವನ್ನು ಇಲ್ಲಿ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ನಾನು ಈ ಅತ್ತೆಯನ್ನು ನನ್ನ ತಾಯಿಗಿಂತ ಹಚ್ಚಿಕೊಂಡಿದ್ದೆ. ಮೊಮ್ಮಗಳ ಮದುವೆಯ ಹೊತ್ತಿನಲ್ಲಿ ಆ ಮುಖ ನನ್ನಿಂದ ತಿರುಗಿಕೊಂಡರೆ ನಾನು ಬದುಕುವುದು ಹೇಗೆ ಎಂದು ಹೆದರಿದ್ದೆ.

ಕೊನೆಗೆ ಒಂದು ಶನಿವಾರ, ಮಗಳ ಬಸ್ಸು ಬರುವ ಮೊದಲು, ಹೇಳಿದೆ. ಅಂಗಳದ ಬಿಸಿಲಲ್ಲಿ ಪಾರ್ಟಿಯ ಪಾನಕದ ಪರೀಕ್ಷೆ ನಡೆದಿತ್ತು. ರಾತ್ರಿ ನೆನೆಸಿದ್ದ ಒಣದ್ರಾಕ್ಷಿಯನ್ನು ಅತ್ತೆ ಅರೆದು, ಕಬ್ಬಿನ ಹಾಲಿಗೆ ಹಾಕಿ, ಬಟ್ಟೆಯಲ್ಲಿ ಸೋಸುತ್ತಿದ್ದರು.

"ಅತ್ತ್ಯಾರ, ಆ ಸೀರಿ ಇಲ್ರಿ. ನಾನ ಬಾಂಡೆದಾಕಿಗಿ ಕೊಟ್ಟೀನಿ. ಸಿಟ್ಟಿಲೆ ಕೊಟ್ಟೀನಿ, ಗೊತ್ತಿದ್ದ ಕೊಟ್ಟೀನಿ."

ಅತ್ತೆ ಬಟ್ಟೆಯನ್ನು ಹಿಂಡಿ, ಕೊನೆಯ ಹನಿ ಬೀಳುವ ತನಕ ಕಾದರು.

"ಗೊತ್ತೈತಿ," ಎಂದರು. "ಶುಂಠಿ ಕಡಿಮಿ ಆತು ನೋಡು. ಒಳಗಿನ ಕೌದಿ ತಾ."

ಪಾಪ, ವಯಸ್ಸಾಯಿತು, ಮಾತಿಗೆ ಮಾತು ಕೂಡುತ್ತಿಲ್ಲ ಎಂದುಕೊಳ್ಳುತ್ತ ಕೌದಿ ತಂದು ಹಾಸಿದೆ. ಅತ್ತೆಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೆರಳಿನಿಂದ ತಡವುತ್ತ ಒಂದು ಮೂಲೆ ಹುಡುಕಿ, ಸೂಜಿಯ ಮೊನೆಯಿಂದ ಹೊಲಿಗೆ ಎಬ್ಬಿಸತೊಡಗಿದರು. ಮೇಲಿನ ಮಾಸಿದ ಪದರ ಒಂದು ಗೇಣು ಬಿಚ್ಚಿಕೊಂಡಿತು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಕೆಂಪು.

ಎಂಥ ಕೆಂಪು ಅದು! ವರ್ಷವರ್ಷವೂ ಕೌದಿ ಒಗೆಯುವಾಗ ಹೊಳೆಯ ನೀರು ಕಂಡಿತ್ತು, ಆದರೆ ಬಿಸಿಲು ಕಂಡಿರಲಿಲ್ಲ.

"ಅವತ್ತ ಹೊಲದಿಂದ ಬರೂಮುಂದ ದಾರ್ಯಾಗ ಆಕಿ ಗಂಟಿನ್ಯಾಗ ನನ್ನ ಸೆರಗ ಕಂಡಿತು," ಎಂದರು ಅತ್ತೆ, ಕೈ ನಿಲ್ಲಿಸದೆ. "ಸುಮ್ನ ಕೊಡವಲ್ಲಳು. ಮನಿಗಿ ಬಂದು ಹಿತ್ತಲ ಬಾಗಲದಿಂದ ಕೊಡ ಒಯ್ದ ಕೊಟ್ಟೆ."

ಆ ಕೊಡ ಅವರ ತಾಯಿ ತವರಿನಿಂದ ಹೊರಿಸಿ ಕಳಿಸಿದ್ದು. ತಾಯಿಯ ನೆನಪಿಗೆ ಅವರ ಬಳಿ ಇದ್ದ ಒಂದೇ ವಸ್ತು ಅದು. ನಾನು ಅವರ ಕಾಲ ಬಳಿ ಕೂತೆ.

"ಒಂದ ಮಾತು ಯಾಕ ಅನ್ನಲಿಲ್ರಿ? ಇಷ್ಟು ವರ್ಷ?"

"ಅಂದಿದ್ರ ಏನ ಮಾಡತಿದ್ದಿ? ಟ್ರಂಕ ಎತ್ಕೊಂಡ ಚಿಕ್ಕೋಡಿ ಬಸ್ ಹತ್ತತಿದ್ದಿ. ಬಸರಿ ಬ್ಯಾರೆ. ಸೀರಿ ಏನೋ ಕೊಡಕ್ಕ ತಿರುಗಿ ಬಂತು. ನಿನ್ನ ತಿರುಗಿ ತರಾಕ ನನ್ನ ಕಡೆ ಇನ್ನೇನಿತ್ತು?"

ತಪ್ಪನ್ನು ಹೊಟ್ಟೆಯಲ್ಲಿ ಹಾಕಿಕೊಳ್ಳುವುದು ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡವರು ಎಷ್ಟು ಜನವೋ. ನಾನು ಕಂಡೆ. ನನ್ನ ಕೈಗೆ ಮತ್ತೆ ಸಿಗದ ಹಾಗೆ, ಆದರೆ ನನ್ನಿಂದ ದೂರವೂ ಆಗದ ಹಾಗೆ, ಅವರು ಅದನ್ನು ಕತ್ತರಿಸದೆ ಇಡಿಯಾಗಿ ಮಡಚಿ ನಡುವೆ ಹೊಲಿದಿದ್ದರು. ಕಳೆದುಹೋಯಿತೆಂದು ನಾನು ಅಳುಕಿದ ಅಷ್ಟೂ ಚಳಿಗಾಲ ಅದನ್ನೇ ಹೊದ್ದು ಮಲಗಿದ್ದೆ. ಇವರೆಂಥ ಹೆಂಗಸು ಎಂದು ಆ ಹೊತ್ತು ನನಗೆ ಅನ್ನಿಸಿದ್ದು ಇನ್ನೂ ಹಾಗೆಯೇ ಇದೆ.

ಮಗಳು ಬಂದಾಗ ನಾವಿಬ್ಬರೂ ದಾರ ಬಿಚ್ಚುತ್ತ ಕೂತಿದ್ದೆವು. ಅವಳಿಗೂ ಎಲ್ಲವನ್ನೂ ಹೇಳಿದೆ. ಅವಳು ಒಮ್ಮೆ ನನ್ನನ್ನು, ಒಮ್ಮೆ ಅಜ್ಜಿಯನ್ನು ನೋಡಿ, ಚೀಲ ಕೆಳಗಿಟ್ಟು, ಇನ್ನೊಂದು ತುದಿಯಿಂದ ಬಿಚ್ಚತೊಡಗಿದಳು. ಭಾನುವಾರ ಮಧ್ಯಾಹ್ನಕ್ಕೆ ಸೀರೆ ಹೊರಬಂತು. ಬಿಸಿಲಿಗೆ ಎತ್ತಿ ಹಿಡಿದರೆ ಅಂಚಿನಿಂದ ಅಂಚಿಗೆ ಸೂಜಿಯ ತೂತುಗಳು, ಕೂರಿಗೆಯಲ್ಲಿ ಬಿತ್ತಿದ ಹಾಗೆ ಸಾಲು ಸಾಲು. ಒಂದೊಂದರಲ್ಲೂ ಒಂದು ಬೆಳಕಿನ ಕಾಳು.

"ತೂತಿನ ಸೀರಿ ಉಡಬ್ಯಾಡ," ಎಂದರು ಅತ್ತೆ, ಮೊದಲ ಬಾರಿಗೆ ಸಂಕೋಚಪಟ್ಟು.

"ಆಯಿ, ಇಂಥಾ ಡಿಸೈನ್ ಯಾ ಅಂಗಡ್ಯಾಗೂ ಇಲ್ಲ," ಎಂದಳು ಮಗಳು.

ಪಾರ್ಟಿಯ ದಿನ ಅದನ್ನೇ ಉಟ್ಟಳು. ಸಂಜೆಯ ಬಿಸಿಲು ಅಂಗಳಕ್ಕೆ ಓರೆಯಾಗಿ ಬೀಳುತ್ತಿತ್ತು. ಅವಳು ಸೆರಗು ಕೈಮೇಲೆ ಹರವಿಕೊಂಡು ಎಲ್ಲರಿಗೂ ಪಾನಕದ ಗ್ಲಾಸು ಕೊಡುತ್ತ ಓಡಾಡಿದರೆ, ನೆಲದ ಮೇಲೆ ಸೆರಗಿನ ನೆರಳಿನಲ್ಲಿ ಬೆಳಕಿನ ಚುಕ್ಕಿಗಳು ಅವಳ ಜೊತೆಗೇ ಸರಿದಾಡಿದವು. ಬೀಗರ ಕಡೆಯ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಒಬ್ಬಾಕೆ ಎದ್ದು ಬಂದು ಬಟ್ಟೆಯನ್ನು ಮುಟ್ಟಿ, "ಇದು ಎಲ್ಲಿ ಸಿಕ್ಕಿತ್ರಿ?" ಎಂದು ನನ್ನನ್ನು ಕೇಳಿದರು. "ನಮ್ಮ ಅತ್ತ್ಯಾರು ಇಟ್ಟಿದ್ರು," ಎಂದೆ. ಕಾಕಾ ಮೂರು ಗ್ಲಾಸು ಕುಡಿದು, ಏನೂ ಏರಲಿಲ್ಲ ಎಂದು ಎಲ್ಲರ ಹತ್ತಿರವೂ ದೂರಿದರು.

ಮಗಳು ಸೀರೆಯನ್ನು ರಾಯಬಾಗಕ್ಕೆ ಒಯ್ದಳು. ಉಳಿದ ಪದರಗಳನ್ನು ಮತ್ತೆ ಹೊಲಿಯಲು ಹಾಸಿದಾಗ ಕೌದಿ ತೆಳ್ಳಗಾಗಿತ್ತು. ನಾನು ಎದ್ದು ಹೋಗಿ ಟ್ರಂಕಿನಿಂದ ನನ್ನ ಮದುವೆಯ ಸೀರೆ ತಂದು ನಡುವೆ ಇಡಿಯಾಗಿ ಹಾಸಿದೆ. ಅತ್ತೆ ಅದರ ಅಂಚನ್ನು ಬೆರಳಿನಿಂದ ಗುರುತು ಹಿಡಿದರು. ನನಗೊಬ್ಬ ಮಗನೂ ಇದ್ದಾನೆ, ಅವನ ಮದುವೆ ಇನ್ನೂ ಆಗಬೇಕು.

"ನಾಳೆ ನಿನಗೂ ಒಬ್ಬಾಕಿ ಸೊಸಿ ಬರತಾಳ," ಎಂದರು. "ನಿನ್ನಂಥಾಕಿನ ಬರಲಿ."

ಅದು ಬೈಗುಳವೋ ಆಶೀರ್ವಾದವೋ ತಿಳಿಯಲಿಲ್ಲ. ನಕ್ಕು, ಸೂಜಿಗೆ ದಾರ ಪೋಣಿಸಿ ಅತ್ತೆಯ ಕೈಗೆ ಕೊಟ್ಟೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಕೊನೆಯ ಮೂಲೆಗೆ ಬಂದೆವು. ಅಂದು ಮಾಡಿದ್ದ ಹೋಳಿಗೆಯನ್ನು ಆ ಸ್ಟೀಲ್ ಡಬ್ಬಿಯಲ್ಲೇ ಹಾಕಿಟ್ಟಿದ್ದೆ. ಮುಚ್ಚಳ ತೆರೆದು ಒಂದು ಚೂರು ಮುರಿದು ತಂದು ಮೂಲೆಯೊಳಗೆ ಇಟ್ಟೆ. ಅತ್ತೆ ಮೇಲಿನ ಪದರ ಎಳೆದು ಹೊಲಿದು ಮುಚ್ಚಿದರು.