ಮಾಸ್ತರರು ಪುಸ್ತಕ ಸುಟ್ಟ ಸಂಜೆ

ಹೊಸಪೇಟೆಯ ನಮ್ಮ ಓಣಿಯ ಲೈಬ್ರರಿಯವರು ಅದರ ಚರಿತ್ರೆಯೆಂದು ಒಂದು ಹಾಳೆ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದ್ದಾರೆ. ಮೊದಲು ಲೈಬ್ರರಿ ನಡೆಸುತ್ತಿದ್ದ ಮಾಸ್ತರರು ಪ್ಲೇಗಿನ ವರ್ಷ ತಲೆಕೆಟ್ಟು ಪುಸ್ತಕಗಳನ್ನೆಲ್ಲ ಸುಟ್ಟುಹಾಕಿದರಂತೆ. ತಲೆಕೆಟ್ಟು! ಬರೆದವನ ಕೈ ಸೇದಿಹೋಗಲಿ ಎಂದು ಬಾಯಿತುಂಬ ಬೈದೆ. ಆಮೇಲೆ ಅನಿಸಿತು, ಪಾಪ, ಅವನಿಗೆ ಹೇಳಿದವರಾದರೂ ಯಾರು? ಹೇಳಬೇಕಾಗಿದ್ದವಳು ನಾನು.

ನನಗಾಗ ಹತ್ತು ವರ್ಷ. ನಮ್ಮೂರು ಮದ್ರಾಸ್ ಸೀಮೆಗೆ ಸೇರಿದ್ದ ಕಾಲ. ಪೇಟೆಯಲ್ಲಿ ದೊಡ್ಡ ಲೈಬ್ರರಿ ಇತ್ತು, ಆದರೆ ಹೆಂಗಸರು ಅದರ ಮೆಟ್ಟಿಲು ಹತ್ತುವಂತಿರಲಿಲ್ಲ. ಅದಕ್ಕೇ ಮಾಸ್ತರರು ಅದರದೇ ಶಾಖೆಯೆಂದು ನಮ್ಮ ಓಣಿಯ ಅಕ್ಕಿ ಅಂಗಡಿಯ ಕಟ್ಟೆಯ ಮೇಲೆ ಒಂದು ಕಬ್ಬಿಣದ ಟ್ರಂಕು ತಂದಿಟ್ಟರು. ಒಳಗಿನ ಪುಸ್ತಕಗಳನ್ನು ಕಂಪ್ಲಿ, ಸಂಡೂರು ಸುತ್ತಿ ಕಂಡಕಂಡವರನ್ನು ಬೇಡಿ ತಂದಿದ್ದರು. ಎಂಜಲು ಬೆರಳಿನಿಂದ ಹಾಳೆ ತಿರುವಿದರೆ, "ಲೇ, ಅದೇನು ರೊಟ್ಟಿ ಅಂತ ತಿಳ್ಕೊಂಡೀಯೇನು?" ಎಂದು ಗದರುತ್ತಿದ್ದರು. ನನಗೆ ಓದು ಕಲಿಸಿದ್ದೂ ಅವರೇ. ಸಂಜೆ ಕಟ್ಟೆಯ ಮೇಲೆ ಕೂತು ಒಂದು ಕಥೆ ಗಟ್ಟಿಯಾಗಿ ಓದುತ್ತಿದ್ದರು. ನಮ್ಮಜ್ಜಿಗೆ ಅಕ್ಷರದ ಗಂಧವೇ ಇರಲಿಲ್ಲ, ಆದರೆ ಕೇಳಲು ಎಲ್ಲರಿಗಿಂತ ಮುಂದೆ ಅವಳೇ. ಕಥೆಯಲ್ಲಿ ಅತ್ತೆ ಸೊಸೆಗೆ ಕಾಟ ಕೊಟ್ಟರೆ ಮಾಸ್ತರರಿಗೇ ಬೈಗುಳ.

ಆ ವರ್ಷ ಓಣಿಯಲ್ಲಿ ಇಲಿ ಸತ್ತು ಬಿದ್ದವು. ಎಲ್ಲರೂ ಊರು ಬಿಟ್ಟು ಪಾಪಿನಾಯಕನಹಳ್ಳಿ ದಾರಿಯ ಹೊಲಗಳಲ್ಲಿ ಜೋಪಡಿ ಹಾಕಿಕೊಂಡೆವು. ಬಂಡಿಯಲ್ಲಿ ಟ್ರಂಕೂ ಬಂತು. ದಿನಾ ಬೆಳಿಗ್ಗೆ ಪ್ಲೇಗ್ ಇನ್‌ಸ್ಪೆಕ್ಟರ್ ಒಂದೊಂದೇ ಜೋಪಡಿಗೆ ಇಣುಕಿ ಹೋಗುತ್ತಿದ್ದ. ಜನರ ಗುರುತು ಹಿಡಿಯಲೆಂದು ಮಾಸ್ತರರೂ ಅವನ ಜೊತೆಗಿರುತ್ತಿದ್ದರು. ಜ್ವರ ಬಂದವರನ್ನು ದೂರದ ಪ್ಲೇಗ್ ಶೆಡ್ಡಿಗೆ ಒಯ್ಯುತ್ತಿದ್ದರು. ಹೋದವರಲ್ಲಿ ತಿರುಗಿ ಬಂದವರನ್ನು ನಾವು ಕಂಡಿರಲಿಲ್ಲ.

ಒಂದು ಮುಂಜಾನೆ ನೋಡಿದರೆ ಅಜ್ಜಿಯ ಮೈ ಕಾದ ಹಂಚು. ತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ, ಪ್ಲೇಗಿಗೆ ಏಳುವಂಥದೇ. ಅವ್ವ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅಷ್ಟರಲ್ಲಿ ಪಕ್ಕದ ಜೋಪಡಿಯಲ್ಲಿ ಇನ್‌ಸ್ಪೆಕ್ಟರನ ದನಿ. ನಾನು ತಂದಿದ್ದ ಲೈಬ್ರರಿ ಪುಸ್ತಕ ಕಣ್ಣಿಗೆ ಬಿದ್ದದ್ದೇ, ಅವ್ವ ಅಜ್ಜಿಯನ್ನು ಜೋಳದ ಚೀಲಕ್ಕೆ ಆನಿಸಿ ಕೂರಿಸಿ, ಪುಸ್ತಕ ಬಿಚ್ಚಿ ಅವಳ ಕೈಗಿಟ್ಟಳು.

"ಎಲ್ಲಾರೂ ಆರಾಮೇನಮ್ಮ?"

"ಆರಾಮ್ರಿ. ನಮ್ಮತ್ತಿ ಓದಾಕ ಹತ್ಯಾಳ್ರಿ."

ಇನ್‌ಸ್ಪೆಕ್ಟರ್ ತಲೆಯಾಡಿಸಿ ಮುಂದೆ ಹೋದ. ಮಾಸ್ತರರು ನಿಂತರು. ಅಜ್ಜಿಗೆ ಓದು ಬಾರದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರು ಅವ್ವನ ಮುಖ ನೋಡಿ, "ಒಳಗ ಯಾರನ್ನೂ ಬಿಟ್ಕೋಬ್ಯಾಡವ್ವ" ಎಂದಷ್ಟೇ ಹೇಳಿ ಹೊರಟುಹೋದರು.

ಆ ಮಧ್ಯಾಹ್ನ ನಾನು ಮಾಡಿದ ಘನಕಾರ್ಯ ಕೇಳಿ. ಪುಸ್ತಕ ಹಿಂದಿರುಗಿಸುವ ದಿನವೆಂದು ಒಯ್ದು ಟ್ರಂಕಿನೊಳಗೆ ಸೇರಿಸಿ ಬಂದೆ! ಸಂಜೆ ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದರು.

"ಅಜ್ಜಿ ಕೈಯಾಗಿದ್ದ ಪುಸ್ತಕ ಎಲ್ಲೈತವ್ವ?"

"ಟ್ರಂಕಿನ್ಯಾಗ ಇಟ್ಟೀನ್ರಿ."

ಅವರ ಮುಖದ ಕಳೆಯೇ ಹೋಯಿತು. ಪ್ಲೇಗಿನವರ ಹಾಸಿಗೆ, ಬಟ್ಟೆ ಎಲ್ಲ ಸುಡುತ್ತಿದ್ದ ದಿನಗಳು. "ಅದೊಂದನ್ನ ಸುಟ್ರ ಸಾಕಲ್ರಿ?" ಎಂದೆ. "ಒಂದಕ್ಕೊಂದು ಹತ್ತಿ ಕುಂತಾವ. ಈಗ ಮಂದಿ ಪುಸ್ತಕ ಒಯ್ಯಾಕ ಬರ್ತಾರ" ಎಂದವರೇ ಟ್ರಂಕನ್ನು ಬಯಲಿಗೆ ಎಳೆದು, ಪುಸ್ತಕಗಳನ್ನೆಲ್ಲ ಸುರಿದು, ಸೀಮೆಎಣ್ಣೆ ಹಾಕಿ ಕಡ್ಡಿ ಗೀರಿದರು. ಎಂಜಲು ಬೆರಳು ತಾಗಿಸಲು ಬಿಡದ ಮನುಷ್ಯ!

ಜನ ಓಡಿ ಬಂದರು. "ತಲೀ ಕೆಟ್ಟೈತೇನ್ರೀ ನಿಮಗ?" ಎಂದು ಅಕ್ಕಿ ಅಂಗಡಿಯವರು ಅವರ ರಟ್ಟೆ ಹಿಡಿದು ಜಗ್ಗಿದರು. ಕಾರಣ ಹೇಳಿದರೆ ಅಜ್ಜಿ ಶೆಡ್ಡಿಗೆ ಹೋಗಬೇಕು. ಮಾಸ್ತರರು ಒಂದು ಮಾತೂ ಆಡಲಿಲ್ಲ. ನಾನು ಬಂಡಿಯ ಹಿಂದೆ ಅಡಗಿಕೊಂಡೆ.

ದಿನಾ ಬೆಳಿಗ್ಗೆ ಅವ್ವ ಅಜ್ಜಿಯನ್ನು ಹಾಗೇ ಆನಿಸಿ ಕೂರಿಸಿ ಇನ್‌ಸ್ಪೆಕ್ಟರನ ಕಣ್ಣು ತಪ್ಪಿಸಿದಳು. ಎಂಟು ದಿನಕ್ಕೆ ಅಜ್ಜಿಯ ಹಿಮ್ಮಡಿ ಒಡೆದು ಕೀವಿನ ಜೊತೆ ಒಂದು ಜಾಲಿಮುಳ್ಳಿನ ಚೂರು ಬಂತು. ಜ್ವರ ಬಿಟ್ಟಿತು, ಗಡ್ಡೆ ಕರಗಿತು. ಪ್ಲೇಗೂ ಅಲ್ಲ, ಏನೂ ಅಲ್ಲ! ಕಾಲಿಗೆ ಮುಳ್ಳು ಮುರಿದು ಕೀವಾದರೆ ಸಂದಿಯಲ್ಲಿ ಗಡ್ಡೆ ಏಳುತ್ತದೆಂದು ಹೊಲಕ್ಕೆ ಹೋಗುವ ಯಾರಿಗೆ ಗೊತ್ತಿಲ್ಲ? ಆ ವರ್ಷ ನಮ್ಮ ಮನೆಯಲ್ಲಿ ಯಾರೂ ಅವಳ ಅಂಗಾಲು ನೋಡಲಿಲ್ಲ.

ಅಜ್ಜಿಗೆ ಎದ್ದು ಓಡಾಡುವಷ್ಟು ಕಸುವು ಬಂದ ಸಂಜೆಯೇ ಅಕ್ಕಪಕ್ಕದವರಿಂದ ಪುಸ್ತಕ ಸುಟ್ಟ ಸುದ್ದಿ ತಿಳಿಯಿತು. ನಾವು ಏನೂ ಹೇಳಿರಲಿಲ್ಲ. ಕುಂಟುತ್ತ ನೆಟ್ಟಗೆ ಮಾಸ್ತರರ ಜೋಪಡಿಗೇ ಹೋದಳು.

"ಅಲ್ರೀ ಮಾಸ್ತರ, ಏನು ದಾಡಿ ಬಂದಿತ್ತು ನಿಮಗ? ಓದಾಕ ಬರದಿದ್ರೂ ನಾ ಒಂದು ಹಾಳಿ ಹರದಾಕಿ ಅಲ್ಲ. ನೀವು ಓದಿದವ್ರು, ಬೆಂಕಿ ಹಚ್ಚಿದ್ರಿ! ನಿಮ್ಮ ಓದಿಗಿಷ್ಟು ಮಣ್ಣು ಹಾಕ!"

"ಹಂಗ ಹೇಳು, ಯಮ್ಮಾ!" ಎಂದರು ಸುತ್ತ ನೆರೆದವರು.

ಮಾಸ್ತರರು ಅವಳ ಕಾಲಿನ ಪಟ್ಟಿಯನ್ನೇ ನೋಡುತ್ತಿದ್ದರು. "ಕಾಲಿಗೇನಾತವ್ವ?"

"ಏನಿಲ್ಲ ಬಿಡ್ರಿ, ಮುಳ್ಳು ಮುರಿದಿತ್ತು."

ಅವರು ಬರಿದಾದ ಟ್ರಂಕಿನ ಮೇಲೆ ಕುಸಿದು ಕೂತರು. ಆಮೇಲೆ ಎಲ್ಲರೆದುರು ಅಜ್ಜಿಗೆ ಕೈ ಮುಗಿದು, "ತಪ್ಪಾತವ್ವ" ಎಂದರು.

ನಾನು ಅವಳ ಸೆರಗು ಹಿಡಿದು ಪಕ್ಕದಲ್ಲೇ ಇದ್ದೆ. ಅಜ್ಜಿಯನ್ನು ಇನ್ನು ಯಾರೂ ಎಲ್ಲಿಗೂ ಒಯ್ಯುತ್ತಿರಲಿಲ್ಲ. ಹೇಳಬಹುದಿತ್ತು. ಹೇಳಲಿಲ್ಲ.