ಎದುರುಮನೆಯ ಹಸಿರು ಗಂಟು

ಯಾರಾದರೂ ‘ಪರಿಸರ’ ಎಂದರೆ ಇವತ್ತಿನಿಂದ ನನಗೆ ಅನುಮಾನ, ಸ್ನೇಹಿತರೇ.

ಬೆಳಗ್ಗೆ ಎದುರುಮನೆಯ ಸುಧಾ ದೀಪಾವಳಿ ಗಿಫ್ಟ್ ತಂದುಕೊಟ್ಟರು. ಮಿರಿಮಿರಿ ಕಾಗದವಿಲ್ಲ, ಟೇಪಿಲ್ಲ. ಸಿಹಿಯ ಡಬ್ಬಿಯನ್ನು ಹಸಿರು ಬ್ಲೌಸ್ ಪೀಸಿನಲ್ಲಿ ಅಂದವಾಗಿ ಗಂಟು ಕಟ್ಟಿದ್ದರು.

“ಈ ಸಲ ನಮ್ಮನೇಲಿ ಎಲ್ಲಾ ಇಕೋ ಫ್ರೆಂಡ್ಲಿ ಕಣ್ರೀ.”

ಬಟ್ಟೆಯನ್ನು ಎಲ್ಲೋ ನೋಡಿದ ಹಾಗಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ನಾನು ಅವರಿಗೆ ಕೊಟ್ಟದ್ದೂ ಇದೇ ಹಸಿರು, ಇದೇ ಜರಿಯಂಚು.

“ಸುಧಾ, ಇದು ನಾನು ಕೊಟ್ಟಿದ್ದಲ್ವಾ?”

“ಅಯ್ಯೋ, ಛೆ ಛೆ! ಮೊನ್ನೆ ಫೋರ್ತ್ ಬ್ಲಾಕಿನ ಅಂಗಡೀಲಿ ತಗೊಂಡಿದ್ದು. ಹೊಚ್ಚ ಹೊಸದು.”

ಅವರು ಅತ್ತ ಹೋದದ್ದೇ ತಡ, ನಮ್ಮತ್ತೆ ಕನ್ನಡಕ ಏರಿಸಿ ಗಂಟು ಬಿಚ್ಚಿದರು. ನಮ್ಮಲ್ಲಿ ಹೊಸ ಬಟ್ಟೆ ಕೊಡುವಾಗ ಒಂದು ಮೂಲೆಗೆ ಅರಿಶಿನ ಹಚ್ಚಿಯೇ ಕೊಡುವುದು. ಈ ‘ಹೊಚ್ಚ ಹೊಸ’ ಬಟ್ಟೆಯ ಮೂರು ಮೂಲೆಗಳಲ್ಲಿ ಅರಿಶಿನವಿತ್ತು!

“ನೋಡಿದ್ರಾ ಅತ್ತೆ, ಸಿಕ್ಕಿಬಿದ್ರು!” ಎಂದೆ.

“ಇದು ಸುಧಾಂದು, ಇದು ನಿಂದು,” ಎಂದು ಅತ್ತೆ ಮೂಲೆಗಳನ್ನು ಮುಟ್ಟಿ ತೋರಿಸಿದರು. “ಮೂರನೇದು ನಿಂಗೆ ಕೊಟ್ಟೋರ್ದು. ಯಾರೇ ಅದು?”

ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಒಳಗೆ ಹೋದೆ.

ನಾಲ್ಕನೇ ಮೂಲೆ ಇನ್ನೂ ಖಾಲಿಯಿದೆ. ಸಂಕ್ರಾಂತಿಗೆ ನಾನೂ ಇಕೋ ಫ್ರೆಂಡ್ಲಿ. ಗಂಟನ್ನು ದಯವಿಟ್ಟು ನನ್ನೆದುರು ಬಿಚ್ಚಬೇಡಿ.